ಗೌಪ್ಯ

ಊಟಕ್ಕೆ ಬೆಲ್ಲಿಲ್ಲ ನಮ್ಮ ಪರೀಕ್ಷಾ ವಿಭಾಗದಲ್ಲಿ;
ಒಂದೂವರೆಗೆ ಫ್ಯಾನು ಆರಿಸುವುದೇ ಬೆಲ್ಲು.
ಡಬ್ಬಿ ತೆರೆಯದೆ ಹೊರಟೆ ಇವತ್ತು,
ನೀಲಗಿರಿ ಮರಗಳ ಕೆಳಗೆ, ಒಣ ತೊಗಟೆ ತುಳಿಯುತ್ತ
ಚಿತ್ರಕಲೆಯವರ ಕಟ್ಟಡಕ್ಕೆ.
ಇಪ್ಪತ್ತಾರು ವರ್ಷದಲ್ಲಿ ಆ ಮೆಟ್ಟಿಲು ಹತ್ತಿದ್ದು
ಎರಡೇ ಸಲ, ಎರಡು ಸಲವೂ ಕುರ್ಚಿ ಹೊತ್ತು.

ಬಾಗಿಲಲ್ಲಿ ರಂಗೋಲಿ, ಅದರ ಮೇಲೆ ಯಾರದೋ ಶೂ ಗುರುತು.
ಮೊಳೆ ಹೊಡೆದಲ್ಲಿ ಉದುರಿದ ಪುಡಿ ಇನ್ನೂ ಗುಡಿಸಿಲ್ಲ.
ಮೊದಲಿಗೆ ತೈಲವರ್ಣ: ಕೆಂಪಿನ ಮೇಲೆ ಕೆಂಪು,
‘ಶೀರ್ಷಿಕೆ ಇಲ್ಲ’ ಎಂಬುದೇ ಶೀರ್ಷಿಕೆ, ಬೆಲೆ ಮಾತ್ರ ಇದೆ.
ಆಮೇಲೆ ಅಚ್ಚುಗಳು, ಮರ ಕೆತ್ತಿ ಮಸಿ ಬಳಿದು ಒತ್ತಿದ್ದಂತೆ:
ಕೆಂಗೇರಿ ಬಸ್ಸಿನ ಒಳಗೆ ಕಂಬಿ ಹಿಡಿದ ಹನ್ನೊಂದು ಕೈ,
ಮುಖ ಒಂದಕ್ಕೂ ಇಲ್ಲ.
ಉಂಗುರ ನೋಡಿ, ಒಂದು ಕೈ
ನಮ್ಮ ಕ್ಯಾಷಿಯರ್ ಜವರಾಯಿಯದೇ ಅಂದುಕೊಂಡೆ.

ಕೊನೆಯ ಗೋಡೆ ಪೂರ್ತಿ ಒಂದೇ ಕೌದಿ.

ಹೋದ ಆಷಾಢದಲ್ಲಿ ಬಂದಿದ್ದಳು ಆ ಹುಡುಗಿ,
ಕಸ್ತೂರಿ ಹುಲಕೋಟಿ, ಉಗುರಿನ ಸಂದಿಯಲ್ಲೆಲ್ಲ ಬಣ್ಣ.
‘ಅಣ್ಣಾ, ಉತ್ತರಪತ್ರಿಕೆ ಕಟ್ಟಿ ಕಳಸ್ತಿದ್ರಲ್ರೀ,
ಆ ಬಟ್ಟೀ ಇನ್ನೂ ಅದಾವೇನು?’
ಇದ್ದವು, ಗೋಡೌನಿನಲ್ಲಿ, ಇಲಿಗಳ ಸುಪರ್ದಿಗೆ.
ಈಗೆಲ್ಲ ಸ್ಕ್ಯಾನಿಂಗು, ಹೊಲಿಯುವುದಕ್ಕೇನೂ ಇಲ್ಲ.
ಒಂದು ಸಹಿಗೆ ನಾಲ್ಕು ತಿಂಗಳು ಅಲೆದಳು,
‘ನಿರುಪಯುಕ್ತ ವಸ್ತು’ ಎಂದು ಬರೆಸಿ, ತೂಕ ಹಾಕಿಸಿ
ಹದಿನೆಂಟು ಕೇಜಿ ಆಟೋದಲ್ಲಿ ಒಯ್ದಳು.
ಅವತ್ತು ಬೀಗ ಹಾಕುವಾಗ ಗೋಡೌನು ದೊಡ್ಡದಾಗಿ ಕಂಡಿತು.

ಈಗ ಇಲ್ಲಿ, ದೀಪದ ಕೆಳಗೆ,
ಕೋಲಾರ, ಹೊಸಕೋಟೆ, ಮಾಗಡಿ, ಆನೇಕಲ್ಲು
ಮಗ್ಗುಲು ಮಗ್ಗುಲಿಗೆ ಮಲಗಿವೆ;
ನಡುನಡುವೆ ಅವಳಜ್ಜಿಯ ಇಳಕಲ್ ಸೀರೆಯ ಅಂಚು.
ಕೋರಾ ಬಟ್ಟೆ ಒಗೆದಿಲ್ಲ, ಮಾಸಿದ ಕಡೆ ಮಾಸಿಯೇ ಇದೆ.
ಅರಗಿನ ಮುದ್ರೆ ಒಂದನ್ನೂ ಕಿತ್ತಿಲ್ಲ.
ಅರಗಿನ ಕಡ್ಡಿ ಮೇಣದಬತ್ತಿಗೆ ಹಿಡಿದು, ಹನಿ ಬೀಳುವ ಹೊತ್ತಿಗೆ
ಉಸಿರು ಬಿಗಿಹಿಡಿದು ಹಿತ್ತಾಳೆ ಒತ್ತಿದವನು ನಾನು.
ಹೆಬ್ಬೆಟ್ಟಿನ ಮೇಲೆ ಇನ್ನೂ ಇದೆ ಆ ಬಿಳಿ ಕಲೆ.
ಅರಗಿನ ಅಪ್ಪಣ್ಣ ಅಂತಲೇ ಕರೆದರು ಎಲ್ಲರೂ;
ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ.

‘ಗೌಪ್ಯ’ ಅಂತ ನಾನೇ ಬರೆದದ್ದು, ನೀಲಿ ಮಾರ್ಕರಿನಲ್ಲಿ,
ಔತ್ವ ಸ್ವಲ್ಪ ಹೆಚ್ಚೇ ಎಳೆದಿದ್ದೇನೆ.
ಅದೀಗ ಎದೆಮಟ್ಟಕ್ಕೆ, ಎಲ್ಲರಿಗೂ ಕಾಣುವ ಹಾಗೆ;
ಇಬ್ಬರು ಹುಡುಗರು ಅದರ ಮುಂದೆ ಸೆಲ್ಫಿ ತೆಗೆದರು.
ಮಾಗಡಿಯ ಯಾವ ಹುಡುಗ ಯಾವ ಲೆಕ್ಕ ಅರ್ಧಕ್ಕೆ ಬಿಟ್ಟನೋ,
‘ದಯವಿಟ್ಟು ಪಾಸು ಮಾಡಿ, ಮದುವೆ ಗೊತ್ತಾಗಿದೆ’ ಎಂದು
ಯಾವ ಹುಡುಗಿ ಕೊನೆಯ ಪುಟದಲ್ಲಿ ಬರೆದಳೋ,
ಬಟ್ಟೆಗೇನು ಗೊತ್ತು. ನನಗೂ ಗೊತ್ತಿರಲಿಲ್ಲ.
ಕಟ್ಟುವುದಷ್ಟೇ ನನ್ನ ಕೆಲಸ, ಬಿಚ್ಚುವುದಲ್ಲ.

ಮೂಲೆಯಲ್ಲೊಂದು ಚೀಟಿ. ಕನ್ನಡಕ ಮರೆತಿದ್ದೆ, ಹತ್ತಿರ ಹೋದೆ;
ಕಾವಲಿಗಿದ್ದ ಹುಡುಗಿ ‘ಸಾರ್, ಮುಟ್ಟಬಾರದು’ ಅಂದಳು.
ಮುಟ್ಟುವುದಿಲ್ಲಮ್ಮ.
‘ಸಾಮಗ್ರಿ: ಕೋರಾ ಬಟ್ಟೆ, ಗೋಣಿದಾರ, ಅರಗು,
ಅಪ್ಪಣ್ಣನವರ ಹೊಲಿಗೆ, ಸೀರೆಯ ಅಂಚು.’

ಎರಡು ಸಲ ಓದಿದೆ.
ಅರಗಿಗೂ ಅಂಚಿಗೂ ನಡುವೆ ನಾನು.
ನೋಡಿದರೆ ಹೌದು, ದಬ್ಬಣದ ಆ ಒರಟು ಹೊಲಿಗೆ ಬಿಚ್ಚದೆ
ಪಕ್ಕಕ್ಕೇ ತನ್ನ ಸಣ್ಣ ಹೊಲಿಗೆ ನಡೆಸಿದ್ದಾಳೆ,
ದೊಡ್ಡವರ ಹೆಜ್ಜೆಗೆ ಓಡೋಡಿ ಬರುವ ಮಗುವಿನ ಹಾಗೆ.

ಹೊರಗೆ ಮೇಜಿನ ಮೇಲೆ ಪುಸ್ತಕ, ದಾರ ಕಟ್ಟಿದ ಪೆನ್ನು.
ನನಗಿಂತ ಮೊದಲಿನವರು ‘ಅದ್ಭುತ’ ಎಂದಿದ್ದಾರೆ,
ಅವರಿಗಿಂತ ಮೊದಲಿನವರು ಹೃದಯ ಬಿಡಿಸಿದ್ದಾರೆ.
ನನಗೆ ಬರುವುದು ಒಂದೇ ಥರದ ಬರಹ:

‘ಕಟ್ಟು ನಲವತ್ತೆರಡು. ಎಣಿಸಿ ನೋಡಿದೆ, ಸರಿ ಇದೆ.
ಆನೇಕಲ್ಲಿನ ಒಂದು ಮುದ್ರೆ ಬಿರುಕು ಬಿಟ್ಟಿದೆ.
ಅದು ಆವತ್ತೇ ಬಿಟ್ಟದ್ದು.’